ಒಂದು ಸಾಲು, ಆರು ಮನೆ, ಆರು ಕಾಲ

ಕೇಳುಗರಿಗೆ ನಮಸ್ಕಾರ. ಇವತ್ತು ಗಣಿ ಕೆಲಸಗಾರರ ಒಂದು ಸಾಲುಮನೆಯ ಕಥೆ.

ಬ್ರಿಟನ್ನಿನ ದಕ್ಷಿಣ ವೇಲ್ಸ್‌ನಲ್ಲಿ ಮರ್ಥರ್ ಟಿಡ್ವಿಲ್ ಅಂತ ಒಂದು ಊರಿದೆ. ಮೊದಲು ಅದು ಕುರಿ ಕಾಯುವವರ ಹಳ್ಳಿ. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣದ ಕಲ್ಲು ಮೂರೂ ಒಂದೇ ಕಡೆ ಸಿಕ್ಕಿದ್ದೇ ತಡ, ಕುಲುಮೆಗಳು ಎದ್ದವು. 1801ರ ಜನಗಣತಿ ಹೊತ್ತಿಗೆ ಇಡೀ ವೇಲ್ಸ್‌ಗೇ ದೊಡ್ಡ ಊರು ಇದು. ಮರುವರ್ಷ ಬ್ರಿಟಿಷ್ ನೌಕಾಪಡೆಯ ಸೇನಾನಿ ನೆಲ್ಸನ್ ಇಲ್ಲಿನ ಕವಾರ್ಥ್ವ ಕಾರ್ಖಾನೆಗೆ ಬಂದು ಹೋದ. ಅವನ ಹಡಗುಗಳಿಗೆ ಫಿರಂಗಿ ಬೇಕಿತ್ತು.

ಆ ಕಾರ್ಖಾನೆಯ ಯಜಮಾನ ರಿಚರ್ಡ್ ಕ್ರಾಶೇ. ಅದಿರು ಅಗೆಯುವವರಿಗೆ ಅಂತ 1795ರ ಸುಮಾರಿಗೆ ರಿಡ್-ಅ-ಕಾರ್ ಎಂಬಲ್ಲಿ ಸಾಲುಮನೆ ಕಟ್ಟಿಸಿದ. ಧರ್ಮಕ್ಕೆ ಕಟ್ಟಿಸಿದ್ದಲ್ಲ ಬಿಡಿ. ಹೊರಗಿನಿಂದ ಬರೋ ಕೆಲಸಗಾರರಿಗೆ ತಲೆ ಮೇಲೊಂದು ಸೂರು ಇಲ್ಲದಿದ್ದರೆ ಗಣಿ ನಡೆಯೋದು ಹೇಗೆ?

ಆ ಲೆಕ್ಕಾಚಾರ ಮನೆಯ ಗೋಡೆಯಲ್ಲೇ ಕಾಣುತ್ತದೆ. ಎರಡು ಮನೆಗೆ ಮಧ್ಯೆ ಒಂದೇ ಗೋಡೆ. ನಮ್ಮ ವಠಾರದ ಹಾಗೆ, ಪಕ್ಕದ ಮನೆಯವರು ಕೆಮ್ಮಿದರೂ ಗೊತ್ತಾಗುತ್ತದೆ. ಗೋಡೆಗೆ ಅಲ್ಲೇ ಸುತ್ತಮುತ್ತ ಸಿಗುವ ಒರಟು ಕಲ್ಲು. ಬೀದಿ ಬಾಗಿಲು ತೆಗೆದರೆ ನೇರ ನಡುಮನೆಗೆ ಕಾಲಿಡುತ್ತೀರಿ. ಅಡುಗೆ, ಊಟ, ಬಟ್ಟೆ ಒಣಹಾಕೋದು, ಗಣಿಯಿಂದ ಬಂದವರು ತೊಟ್ಟಿಯಲ್ಲಿ ಕೂತು ಮೈ ತೊಳೆಯೋದು, ಎಲ್ಲಾ ಒಲೆ ಮುಂದೆಯೇ. ಹಿಂದುಗಡೆ ಮಾಡು ತಗ್ಗಿಗೆ ಇಳಿಯುತ್ತದೆ. ಅದರ ಕೆಳಗೆ ಒಂದು ಪುಟ್ಟ ಮಲಗುವ ಕೋಣೆ, ಸಾಮಾನಿಡೋಕೆ ಒಂದು ಗೂಡು. ಮಹಡಿಗೆ ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಅಲ್ಲಿ ಇನ್ನೊಂದು ಕೋಣೆ. ಅಷ್ಟೇ ಮನೆ. ತುಂಬಿದ ಸಂಸಾರ ಇದರಲ್ಲೇ. ಮರ್ಥರ್‌ನಲ್ಲಿ ಎಷ್ಟೋ ಮನೆಯವರು ಬಾಡಿಗೆ ದುಡ್ಡಿಗಾಗಿ ಪರರನ್ನೂ ಮಲಗೋಕೆ ಇಟ್ಟುಕೊಳ್ಳುತ್ತಿದ್ದರು.

ನೀರು? ಅದೇ ದೊಡ್ಡ ಗೋಳು. 1849ರಲ್ಲಿ ಕಾಲರಾ ಬಂದು ಮರ್ಥರ್‌ನಲ್ಲಿ ಸಾವಿರಕ್ಕೂ ಜಾಸ್ತಿ ಜನ ಸತ್ತರು. ರ್‍ಯಾಮೆಲ್ ಎಂಬ ಸರ್ಕಾರಿ ಅಧಿಕಾರಿ ಊರಿನ ಸ್ಥಿತಿ ವಿಚಾರಿಸಿ 1850ರಲ್ಲಿ ವರದಿ ಕೊಟ್ಟ. ನೀರಿನ ಬರ, ಕಕ್ಕಸು ಇಲ್ಲದ ಬೀದಿಗಳು, ಎಲ್ಲಾ ಅದರಲ್ಲಿವೆ. ಅಷ್ಟೊಂದು ಕಬ್ಬಿಣ ಕಾಯಿಸಿದ ಊರಿಗೆ ಒಂದು ಚರಂಡಿ ಮಾಡೋಕೆ ಆಗಿರಲಿಲ್ಲ!

ಮನೆಗಳು ಮಾತ್ರ ಗಟ್ಟಿ. ಕ್ರಾಶೇ ವಂಶದವರ ಕಾರ್ಖಾನೆ ಮುಚ್ಚಿತು, ಗಣಿ ನಿಂತಿತು, ಈ ಸಾಲಿನಲ್ಲಿ ಒಲೆ ಉರಿಯುತ್ತಲೇ ಇತ್ತು. 1979ರ ಡಿಸೆಂಬರ್‌ನಲ್ಲಿ ಪ್ರವಾಹ ನುಗ್ಗಿತು. ಆಮೇಲೆ ಉಳಿದದ್ದು ಕೆಡವುವ ಮಾತು.

ಆಗ ಮುಂದೆ ಬಂದದ್ದು ಕಾರ್ಡಿಫ್ ಪಕ್ಕದ ಸೇಂಟ್ ಫ್ಯಾಗನ್ಸ್ ಬಯಲು ವಸ್ತುಸಂಗ್ರಹಾಲಯ. ಹಳೇ ಕಟ್ಟಡಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸುವುದು 1948ರಿಂದ ಅವರ ಕೆಲಸ. ಆದರೆ ಅಲ್ಲಿಗೆ ಬಂದವು ಹೆಚ್ಚಾಗಿ ರೈತರ ಮನೆ, ಕೊಟ್ಟಿಗೆ, ಗಿರಣಿ. ಗಣಿ ಕೆಲಸಗಾರರ ಬಾಳು ಅಷ್ಟಾಗಿ ಇರಲಿಲ್ಲ. ಸಂಗ್ರಹಾಲಯದವರು ಈ ಸಾಲಿನಿಂದ ಆರು ಮನೆ ತಂದರು. 1987ರಲ್ಲಿ ಜನರಿಗೆ ತೆರೆದರು.

ಅವರು ಮಾಡಿದ ಒಂದು ಜಾಣತನ ನನಗೆ ತುಂಬಾ ಇಷ್ಟ. ಆರೂ ಮನೆಯನ್ನು ಒಂದೇ ಕಾಲದ ಮನೆಯಂತೆ ಸಿಂಗರಿಸಲಿಲ್ಲ, ಒಂದೊಂದಕ್ಕೂ ಒಂದೊಂದು ವರ್ಷದ ರೂಪ. ಮೊದಲನೆಯದು 1805, ಆಮೇಲೆ 1855, 1895, 1925, 1955, ಕೊನೆಗೆ 1985. ಅಂದರೆ ತೆರೆಯುವಾಗ ಕೊನೇ ಮನೆಗೆ ಎರಡೇ ವರ್ಷದ ಹಳತನ! ನೋಡೋಕೆ ಬಂದವರ ಮನೆಯಲ್ಲಿದ್ದ ಸಾಮಾನೇ ಇಲ್ಲೂ ಇರಬೇಕು. ಇದನ್ನೇನು ನೋಡೋದು ಅಂತ ಕೆಲವರಿಗೆ ಅನಿಸಿರಬಹುದು. ಈಗ ಅದಕ್ಕೂ ನಲವತ್ತು ದಾಟಿತು. ಮಕ್ಕಳಿಗೆ ಅದೂ ಅಜ್ಜಿ ಮನೆಯೇ ಅಲ್ವಾ?

ಒಂದು ಬಾಗಿಲಿಂದ ಇನ್ನೊಂದಕ್ಕೆ ಹೋದಂತೆ ಒಲೆ ಬದಲಾಗುತ್ತದೆ, ದೀಪ ಬದಲಾಗುತ್ತದೆ, ಕುರ್ಚಿಗೆ ಮೆತ್ತೆ ಬರುತ್ತದೆ. 1805ರ ಮನೆಯಲ್ಲಿ ಸಾಮಾನು ಬೆರಳೆಣಿಕೆ. 1895ಕ್ಕೆ ಬಂದರೆ ಒಲೆ ಮೇಲಿನ ಹಲಗೆ ತುಂಬಾ ಪಿಂಗಾಣಿ ಗೊಂಬೆಗಳು. ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಗುರುತು. ಜಾಗ ಮಾತ್ರ ಮುಂಭಾಗದಲ್ಲಿ ಒಂದಿಂಚೂ ಬೆಳೆದಿಲ್ಲ.

ಮನೆ ಮುಂದಿನ ಹಿತ್ತಲನ್ನು ಬಿಟ್ಟು ಬರಬೇಡಿ. ಹೌದು, ಇಲ್ಲಿ ಹಿತ್ತಲು ಇರೋದು ಮುಂದೆ. ತರಕಾರಿ ಮಡಿ, ಹಂದಿ ಗೂಡು, ಪಾರಿವಾಳದ ಗೂಡು, ಎರಡನೇ ಮಹಾಯುದ್ಧದ ಬಾಂಬಿಗೆ ಹೆದರಿ ಬಚ್ಚಿಟ್ಟುಕೊಳ್ಳೋಕೆ ಮಾಡಿದ ತಗಡಿನ ಗುಡಿಸಲು. ಗಣಿಯವರ ಬಿಡುವು ಕಳೆದದ್ದು ಇಲ್ಲೇ.

ವಸ್ತುಸಂಗ್ರಹಾಲಯದ ಅಚ್ಚುಕಟ್ಟು ನಿಮಗೆ ಸಾಲದಿದ್ದರೆ ಮರ್ಥರ್‌ಗೇ ಹೋಗಿ. ಅಲ್ಲಿ ಚಾಪೆಲ್ ರೋ ಅಂತ ಇನ್ನೊಂದು ಸಾಲುಮನೆ ಇದೆ, ಕಟ್ಟಿದ ಜಾಗದಲ್ಲೇ ಇನ್ನೂ ನಿಂತಿದೆ. ಸಂಗೀತಗಾರ ಜೋಸೆಫ್ ಪ್ಯಾರಿ ಹುಟ್ಟಿದ್ದು ಅಲ್ಲಿ, 1841ರಲ್ಲಿ. ಎಳೆ ವಯಸ್ಸಿಗೇ ಅವನೂ ಗಣಿ ಕೆಲಸಕ್ಕೆ ಇಳಿದವನೇ.

ನಮಸ್ಕಾರ.