ಸಂಗೀತ ನಟನ ಹಿಂದೆ ಬರಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿನಲ್ಲಿ ಯಾರ್ಯಾರು ರೇಡಿಯೋ ಹಾಕಿಕೊಂಡಿರುತ್ತೀರಿ ಅಂತ ನನಗೆ ಒಂದು ಅಂದಾಜಿದೆ. ಅವರೆಕಾಯಿ ಸುಲಿಯುತ್ತಾ ಕೂತ ಅಮ್ಮಂದಿರು, ಬೋಣಿಗೆಗೆ ಕಾಯುತ್ತಿರುವ ಅಂಗಡಿಯವರು, ಕಬ್ಬು ತುಂಬಿದ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾರ್ಖಾನೆ ಗೇಟಿನ ಮುಂದೆ ಸಾಲಿನಲ್ಲಿರುವ ಮಂಡ್ಯ ಕಡೆಯ ಅಣ್ಣಂದಿರು. ನೀವೆಲ್ಲ ಒಂದಲ್ಲ ಒಂದು ಸಲ ಚಾಪೆ ಹಾಸಿಕೊಂಡು, ಕಂಬಳಿ ಹೊದ್ದು, ಬೆಳಗಿನ ಜಾವದವರೆಗೆ ನಾಟಕ ನೋಡಿದವರೇ. ಹಾಗಾಗಿ ನನ್ನ ಕೆಲಸ ಅರ್ಧ ಮುಗಿದ ಹಾಗೇ.

ನಾನು ಮೈಸೂರಿನಲ್ಲಿ ರಂಗಗೀತೆ ಕಲಿಸುವವನು, ಹಾರ್ಮೋನಿಯಂ ನುಡಿಸುವವನು. ಇವತ್ತು ನನಗೆ ಕೊಟ್ಟಿರುವ ವಿಷಯ, ಹಾಡಿನ ನಾಟಕಗಳು ಸಿನಿಮಾ ಆದಾಗ ಯಾಕೆ ಸಪ್ಪೆಯಾಗುತ್ತವೆ ಅನ್ನುವುದು. ಇಂಗ್ಲಿಷಿನವರು ಅದಕ್ಕೆ ಮ್ಯೂಸಿಕಲ್ ಅಂತಾರೆ. ಲಂಡನ್ನಿನಲ್ಲಿ, ನ್ಯೂಯಾರ್ಕಿನಲ್ಲಿ ಅಂಥ ಒಂದೊಂದು ನಾಟಕ ಹದಿನೈದು ಇಪ್ಪತ್ತು ವರ್ಷ ಬಿಡದೆ ನಡೆದಿದೆ. ಅದನ್ನೇ ಕೋಟಿಗಟ್ಟಲೆ ಸುರಿದು ಸಿನಿಮಾ ಮಾಡಿದರೆ ನೋಡಿದವರು ಮುಖ ಕಿವುಚಿಕೊಂಡು ಆಚೆ ಬರುತ್ತಾರೆ. ಕಾರಣ ಕೇಳಿದರೆ ಒಬ್ಬರು ಕ್ಯಾಮೆರಾ ಅಂತಾರೆ, ಇನ್ನೊಬ್ಬರು ಕಥೆ ಕತ್ತರಿಸಿದರು ಅಂತಾರೆ. ನನಗೆ ಕಾಣುವ ಕಾರಣ ಒಂದೇ. ರಂಗದ ಮೇಲೆ ಸಂಗೀತ ನಟನ ಹಿಂದೆ ಬರುತ್ತದೆ. ಸಿನಿಮಾದಲ್ಲಿ ನಟ ಸಂಗೀತದ ಹಿಂದೆ ಓಡುತ್ತಾನೆ. ಇದೊಂದು ಮಾತು ನೆನಪಿಟ್ಟುಕೊಂಡರೆ ಸಾಕು, ಮಿಕ್ಕಿದ್ದು ಮರೆತರೂ ಪರವಾಗಿಲ್ಲ.

ಒಂದು ಘಟನೆ ಹೇಳುತ್ತೇನೆ. ನಾನಾಗ ಇಪ್ಪತ್ತರ ಹುಡುಗ, ನಮ್ಮ ಹಾರ್ಮೋನಿಯಂ ಮೇಷ್ಟ್ರ ಜೊತೆ ಊರೂರು ತಿರುಗುತ್ತಿದ್ದೆ. ಮಂಡ್ಯ ಹತ್ತಿರದ ಒಂದು ಹಳ್ಳಿಯಲ್ಲಿ ಕುರುಕ್ಷೇತ್ರ ನಾಟಕ. ನಿಮಗೆ ಗೊತ್ತಲ್ಲ, ನಮ್ಮ ಕಡೆ ಪಾತ್ರ ಮಾಡುವವರೇ ಕೈಯಿಂದ ದುಡ್ಡು ಹಾಕುತ್ತಾರೆ. ಸೀನರಿ ಬಾಡಿಗೆ, ಡ್ರೆಸ್ಸಿನ ಬಾಡಿಗೆ, ಮೇಷ್ಟ್ರ ಸಂಬಳ ಎಲ್ಲ ಪಾತ್ರಧಾರಿಗಳ ಮೇಲೇ. ಆ ಸಲ ದುರ್ಯೋಧನನ ಪಾತ್ರ ಒಬ್ಬ ಕಬ್ಬು ಬೆಳೆಯುವ ರೈತನದು. ನಲವತ್ತೈದು ದಾಟಿದ ಆಳು, ದೊಡ್ಡ ಎದೆ, ದೊಡ್ಡ ಗಂಟಲು. ಎರಡು ತಿಂಗಳು ದಿನಾ ರಾತ್ರಿ ತಾಲೀಮಿಗೆ ಬಂದಿದ್ದ. ಓದು ಅಷ್ಟಾಗಿ ಬರುತ್ತಿರಲಿಲ್ಲ. ಮಾತು, ಕಂದ, ಹಾಡು ಎಲ್ಲವನ್ನೂ ಕಿವಿಯಲ್ಲೇ ಕಲಿತವನು.

ರಾತ್ರಿ ಎರಡು ಗಂಟೆ ಆಗಿತ್ತು. ವೈಶಂಪಾಯನ ಸರೋವರದ ಸೀನು. ತಮ್ಮಂದಿರು ಸತ್ತು, ಕರ್ಣ ಸತ್ತು, ಒಬ್ಬನೇ ಉಳಿದ ದುರ್ಯೋಧನ ಗದೆ ಹೆಗಲ ಮೇಲಿಟ್ಟುಕೊಂಡು ಬಂದು ಹಾಡಬೇಕು. ಜೋಗಿಯಾ ರಾಗ. ಎರಡನೇ ಸಾಲು ಎತ್ತಿದ, ಅಷ್ಟರಲ್ಲಿ ಕರೆಂಟು ಹೋಯಿತು. ಲೈಟಿಲ್ಲ, ಮೈಕಿಲ್ಲ. ಪೂರ್ತಿ ಕತ್ತಲೆ. ಜನ ಗುಜುಗುಜು ಶುರು ಮಾಡಿದರು, ಎಲ್ಲೋ ಒಂದು ಮಗು ಅತ್ತಿತು. ನಾನು ಮೇಷ್ಟ್ರ ಪಕ್ಕ ಕೂತಿದ್ದೆ, ನಿಲ್ಲಿಸುತ್ತಾರೆ ಅಂತಲೇ ಅಂದುಕೊಂಡೆ.

ಆ ಮನುಷ್ಯ ನಿಲ್ಲಿಸಲಿಲ್ಲ. ಕತ್ತಲೆಯಲ್ಲೇ ಹೆಜ್ಜೆ ಹಾಕಿಕೊಂಡು ಸ್ಟೇಜಿನ ತುದಿಗೆ ಬಂದ. ಹಲಗೆ ಕಿರ್ ಅಂದಿದ್ದರಿಂದ ಬಂದದ್ದು ಗೊತ್ತಾಯಿತು. ಮೈಕಿಲ್ಲದ ಮೇಲೆ ಗಂಟಲು ಹಿಂದಿನ ಸಾಲಿಗೂ ಮುಟ್ಟಬೇಕಲ್ಲ, ಅದಕ್ಕೇ ಒಂದೊಂದು ಅಕ್ಷರವನ್ನೂ ಎಳೆದು ಎಳೆದು ಹಾಡತೊಡಗಿದ. ತಾಲೀಮಿನಲ್ಲಿ ಕಲಿತ ಲಯ ಅದಲ್ಲವೇ ಅಲ್ಲ. ಮೇಷ್ಟ್ರು ಏನು ಮಾಡಿದರು ಗೊತ್ತಾ? ಅದು ಕಾಲಿನಲ್ಲಿ ತುಳಿಯುವ ಹಾರ್ಮೋನಿಯಂ. ತುಳಿತ ನಿಧಾನ ಮಾಡಿದರು, ಎರಡು ಮೂರು ಗುಂಡಿ ಒಳಗೆ ತಳ್ಳಿ ಸದ್ದು ಇಳಿಸಿದರು, ತಬಲದವನ ತೊಡೆ ಮುಟ್ಟಿದರು. ಅವನು ಬೆರಳ ತುದಿಯಲ್ಲಿ ನುಡಿಸತೊಡಗಿದ. ನಟ ಉಸಿರು ತೆಗೆದುಕೊಂಡರೆ ಹಾರ್ಮೋನಿಯಂ ಕಾಯುತ್ತಿತ್ತು. ನಟ ಮೂರನೇ ಸಾಲಿನಲ್ಲಿ ಒಂದು ಕಡೆ ನಿಂತೇಬಿಟ್ಟ. ಅಲ್ಲಿ ಕರ್ಣನ ಹೆಸರು ಬರುತ್ತದೆ. ನಿಂತು ಬರೀ ಹೆಸರು ಕೂಗಿದ, ಹಾಡಲಿಲ್ಲ, ಕೂಗಿದ. ಮೇಷ್ಟ್ರು ಒಂದೇ ಸ್ವರ ಹಿಡಿದು ಕೂತರು. ಎಷ್ಟು ಹೊತ್ತೋ ಗೊತ್ತಿಲ್ಲ. ಮಗು ಕೂಡ ಸುಮ್ಮನಾಗಿತ್ತು. ಆಮೇಲೆ ಅವನು ಹಾಡು ಎತ್ತಿಕೊಂಡ, ಹಾರ್ಮೋನಿಯಂ ಅವನ ಜೊತೆ ಎದ್ದಿತು.

ಪೆಟ್ರೋಮ್ಯಾಕ್ಸ್ ಹೊತ್ತಿಸಿ ತರುವಷ್ಟರಲ್ಲಿ ಹಾಡು ಮುಗಿದಿತ್ತು. ಬೆಳಕು ಬಂದಾಗ ನೋಡಿದರೆ ಹಿಂದೆ ಕೂತಿದ್ದ ಜನ ಎಲ್ಲ ಎದ್ದು ಸ್ಟೇಜಿನ ಹತ್ತಿರಕ್ಕೆ ಬಂದು ನಿಂತಿದ್ದಾರೆ. ಒನ್ಸ್ ಮೋರ್ ಅಂತ ಒಂದೇ ಕೂಗು. ಅವನು ಇನ್ನೊಂದು ಸಲ ಹಾಡಿದ. ಎರಡನೇ ಸಲ ಅದೇ ಹಾಡು ಬೇರೆ ಥರ ಇತ್ತು, ಮುಖ ಕಾಣುತ್ತಿತ್ತಲ್ಲ, ಅದಕ್ಕೇ ಗಂಟಲು ಸಣ್ಣದು ಮಾಡಿ ಹಾಡಿದ. ಮೇಷ್ಟ್ರು ಅದಕ್ಕೂ ಬೇರೆ ಥರ ನುಡಿಸಿದರು.

ಇದಾದ ಕೆಲವು ವರ್ಷಕ್ಕೆ ಯಾರೋ ವಿಡಿಯೋ ಮಾಡುವವರು ಆ ಊರಿಗೆ ಬಂದರು. ಅದೇ ನಾಟಕವನ್ನು ಸಿನಿಮಾ ಥರ ತೆಗೆಯುತ್ತೇವೆ ಅಂದರು. ಹಾಡುಗಳನ್ನು ಮೊದಲೇ ಬೆಂಗಳೂರಿನ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದರು. ಹಾಡಿದವನು ಇದೇ ರೈತ, ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಹಾಡಿಸಿದರು. ಆಮೇಲೆ ಊರ ಕೆರೆ ದಂಡೆಯ ಮೇಲೆ ಮಟಮಟ ಮಧ್ಯಾಹ್ನ ನಿಲ್ಲಿಸಿ, ಟೇಪು ಹಾಕಿ, ಬಾಯಿ ಆಡಿಸು ಅಂದರು. ಪಾಪ, ತನ್ನದೇ ಹಾಡಿಗೆ ಬಾಯಿ ಕೂಡಿಸಲು ಅವನಿಗೆ ಆಗಲಿಲ್ಲ. ಆಗುವುದಾದರೂ ಹೇಗೆ ಹೇಳಿ? ಸ್ಟುಡಿಯೋದಲ್ಲಿ ಅವನು ಉಸಿರು ತೆಗೆದುಕೊಂಡ ಜಾಗವೇ ಬೇರೆ, ಬಿಸಿಲಿನಲ್ಲಿ ಗದೆ ಹೊತ್ತು ನಡೆಯುವಾಗ ಉಸಿರು ಬೇಕಾಗುವ ಜಾಗವೇ ಬೇರೆ. ಟೇಪು ಕಾಯುವುದಿಲ್ಲವಲ್ಲ. ಹದಿನಾರು ಸಲ ತೆಗೆದರು. ದೇವಸ್ಥಾನದ ಮುಂದೆ ಬಿಳಿ ಪಂಚೆ ಕಟ್ಟಿ ಅದನ್ನು ಊರಿಗೆ ತೋರಿಸಿದಾಗ ನಾನೂ ಹೋಗಿದ್ದೆ. ನಿಜವಾದ ಕೆರೆ ಇತ್ತು, ನಿಜವಾದ ನೀರಿತ್ತು, ಅವನ ಗಂಟಲೂ ಇತ್ತು. ಜನ ಬೀಡಿ ಹಚ್ಚಿಕೊಂಡು ಬೇರೆ ಮಾತು ಆಡುತ್ತಿದ್ದರು. ಆ ಮನುಷ್ಯ ನನ್ನ ಕೈ ಹಿಡಿದುಕೊಂಡು, ಅದು ನಾನಲ್ಲ ಕಣಪ್ಪ, ಅಂದ. ಅವತ್ತು ನನಗಾದ ಬೇಜಾರು ಇವತ್ತಿಗೂ ಹೋಗಿಲ್ಲ.

ಘಟನೆ ಸ್ವಲ್ಪ ಉದ್ದ ಆಯಿತು, ಆದರೆ ಇದು ಹೇಳದೆ ಹೊರಗಿನ ಉದಾಹರಣೆ ಕೊಟ್ಟರೆ ಪ್ರಯೋಜನ ಇಲ್ಲ. ಈಗ ನೋಡಿ. ಮೈ ಫೇರ್ ಲೇಡಿ ಅಂತ ಒಂದು ನಾಟಕ, 1956ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾಯಿತು. ಹೂ ಮಾರುವ ಹುಡುಗಿಗೆ ಒಬ್ಬ ಪ್ರೊಫೆಸರ್ ದೊಡ್ಡವರ ಭಾಷೆ ಕಲಿಸುವ ಕಥೆ. ರಂಗದ ಮೇಲೆ ಹುಡುಗಿಯಾಗಿ ಹಾಡಿದವರು ಜೂಲಿ ಆಂಡ್ರೂಸ್. 1964ರ ಸಿನಿಮಾಕ್ಕೆ ಅವರನ್ನು ಬಿಟ್ಟು, ಆಗಲೇ ದೊಡ್ಡ ತಾರೆಯಾಗಿದ್ದ ಆಡ್ರಿ ಹೆಪ್‌ಬರ್ನ್ ಅವರನ್ನು ಹಾಕಿಕೊಂಡರು. ಅವರ ಹಾಡುಗಳಲ್ಲಿ ಹೆಚ್ಚಿನವನ್ನು ಮಾರ್ನಿ ನಿಕ್ಸನ್ ಅನ್ನುವ ಗಾಯಕಿಯಿಂದ ಹಾಡಿಸಿ ಸೇರಿಸಿದರು. ಪ್ರೊಫೆಸರ್ ಪಾತ್ರದ ರೆಕ್ಸ್ ಹ್ಯಾರಿಸನ್ ಮಾತ್ರ ಹಠ ಹಿಡಿದರು. ರಂಗದ ಮೇಲೂ ಆ ಪಾತ್ರ ಮಾಡಿದ್ದವರು ಅವರೇ. ನಾನು ಒಂದು ಹಾಡನ್ನು ಎರಡು ಸಲ ಒಂದೇ ಥರ ಹೇಳುವವನಲ್ಲ, ಮೊದಲೇ ರೆಕಾರ್ಡ್ ಮಾಡಿದ್ದಕ್ಕೆ ಬಾಯಿ ಆಡಿಸಲಾರೆ ಅನ್ನುವುದು ಅವರ ವಾದ. ಕೊನೆಗೆ ಅವರ ಟೈ ಒಳಗೆ ಸಣ್ಣ ಮೈಕು ಬಚ್ಚಿಟ್ಟು, ಕ್ಯಾಮೆರಾ ಓಡುತ್ತಿರುವಾಗಲೇ ಹಾಡಿಸಿಕೊಂಡರು. ಆಸ್ಕರ್ ಅವರಿಗೆ ಬಂತು. ಹೆಪ್‌ಬರ್ನ್ ಹೆಸರು ನಾಮನಿರ್ದೇಶನದ ಪಟ್ಟಿಯಲ್ಲೂ ಇರಲಿಲ್ಲ. ಸಿನಿಮಾ ಚೆನ್ನಾಗಿ ಓಡಿತು, ಸಾಲುಸಾಲು ಪ್ರಶಸ್ತಿ ಬಂತು, ಸರಿ. ಆದರೆ ಕಣ್ಣು ಮುಚ್ಚಿ ಕೇಳಿ, ಒಬ್ಬರ ಹಾಡು ಉಸಿರಾಡುತ್ತದೆ, ಇನ್ನೊಬ್ಬರದು ಗಾಜಿನ ಪೆಟ್ಟಿಗೆಯೊಳಗೆ ಇಟ್ಟ ಹಾಗಿದೆ. ನಮ್ಮ ದುರ್ಯೋಧನ ಹೇಳಿದ್ದೂ ಇದನ್ನೇ ಅಲ್ವಾ?

ಹಾಗಾದರೆ ಕ್ಯಾಮೆರಾ ಮುಂದೆಯೇ ಎಲ್ಲರಿಂದಲೂ ಹಾಡಿಸಿದರೆ ಆಯಿತಲ್ಲ ಅಂತ ನೀವು ಕೇಳಬಹುದು. ಅದನ್ನೂ ಮಾಡಿದ್ದಾರೆ. 2012ರಲ್ಲಿ ಟಾಮ್ ಹೂಪರ್ ಅನ್ನುವ ನಿರ್ದೇಶಕರು ಲೆ ಮಿಸರಾಬ್ಲ್ ನಾಟಕವನ್ನು ಸಿನಿಮಾ ಮಾಡಿದರು. ನಟರ ಕಿವಿಯೊಳಗೆ ಕಾಣದಂಥ ಚಿಕ್ಕ ಸ್ಪೀಕರು, ಮರೆಯಲ್ಲಿ ಒಬ್ಬ ಪಿಯಾನೋದವನು. ನಟ ನಿಧಾನಿಸಿದರೆ ಪಿಯಾನೋ ನಿಧಾನಿಸುತ್ತಿತ್ತು. ವಾದ್ಯವೃಂದವನ್ನೆಲ್ಲ ಆಮೇಲೆ ಸೇರಿಸಿದರು. ನಮ್ಮ ಮೇಷ್ಟ್ರ ಪದ್ಧತಿಯೇ ಇದು! ಆನ್ ಹ್ಯಾಥವೇ ಹಾಡಿದ ಒಂದು ಹಾಡಿದೆ, ಒಂದೇ ಉಸಿರಿಗೆ, ಕಟ್ ಇಲ್ಲದೆ ತೆಗೆದದ್ದು. ನೋಡಿ, ಕಣ್ಣಲ್ಲಿ ನೀರು ಬರುತ್ತದೆ. ಆದರೆ ಸಿನಿಮಾ ಪೂರ್ತಿ ಕ್ಯಾಮೆರಾ ಮೂಗಿನ ಮುಂದೆಯೇ ಬಂದು ಕೂತಿತು. ರಂಗದ ಹಾಡಿಗೆ ಮೈ ಬೇಕು, ನಡಿಗೆ ಬೇಕು, ಕೈ ಬೇಕು. ಬರೀ ಮುಖ ಇಟ್ಟುಕೊಂಡು ಎರಡೂವರೆ ಗಂಟೆ ನೋಡಿದರೆ ದಣಿವಾಗುತ್ತದೆ.

ಅದೇ ನಿರ್ದೇಶಕರು 2019ರಲ್ಲಿ ಕ್ಯಾಟ್ಸ್ ಮಾಡಿದರು. ನಾಟಕ 1981ರಲ್ಲಿ ಲಂಡನ್ನಿನಲ್ಲಿ ಶುರುವಾಗಿ 21 ವರ್ಷ ನಡೆದದ್ದು. ಎಲಿಯಟ್ ಕವಿಯ ಬೆಕ್ಕಿನ ಪದ್ಯಗಳಿಗೆ ಆಂಡ್ರೂ ಲಾಯ್ಡ್ ವೆಬರ್ ಸಂಗೀತ. ಅಲ್ಲಿ ಬೆಕ್ಕು ಅಂದರೆ ಬಣ್ಣ ಬಳಿದುಕೊಂಡ ಮನುಷ್ಯ, ಮೈಗೆ ಅಂಟಿದ ಬಟ್ಟೆ, ಅಷ್ಟೇ. ಕತ್ತಲೆಯಲ್ಲಿ ಪ್ರೇಕ್ಷಕರ ಸಾಲಿನ ನಡುವೆಯೇ ಬಂದುಬಿಡುತ್ತಿದ್ದರು. ಬೆಕ್ಕು ಅಂದುಕೊಳ್ಳುವ ಕೆಲಸ ನೋಡುವವರದು, ನಾವು ರಟ್ಟಿನ ಗದೆಯನ್ನು ಗದೆ ಅಂದುಕೊಳ್ಳುವ ಹಾಗೆ. ಸಿನಿಮಾದಲ್ಲಿ ಇಲ್ಲೂ ನಟರಿಂದ ಸೆಟ್ಟಿನಲ್ಲೇ ಹಾಡಿಸಿದರು, ಆಮೇಲೆ ಕಂಪ್ಯೂಟರಿನಲ್ಲಿ ಮೈ ತುಂಬ ತುಪ್ಪಳ ಅಂಟಿಸಿದರು. ನಟನ ಮೈಯೇ ಮುಚ್ಚಿಹೋದ ಮೇಲೆ ಸಂಗೀತ ಯಾರ ಹಿಂದೆ ಹೋಗಬೇಕು ಹೇಳಿ? ಚಿತ್ರ ಥಿಯೇಟರಿಗೆ ಬಂದಾದ ಮೇಲೆ, ಗ್ರಾಫಿಕ್ಸ್ ಸರಿಮಾಡಿದ ಬೇರೆ ಪ್ರತಿಯನ್ನು ಮತ್ತೆ ಕಳಿಸಬೇಕಾಯಿತು. ಹಾಕಿದ ದುಡ್ಡೂ ಬರಲಿಲ್ಲ.

ಎ ಕೋರಸ್ ಲೈನ್ ಅಂತ ಇನ್ನೊಂದು ಹಾಡಿನ ನಾಟಕ, ಕುಣಿಯುವ ಕೆಲಸ ಕೇಳಿಕೊಂಡು ಬಂದವರ ಕಥೆ. ಅದರ ಬಗ್ಗೆ ಜಾಸ್ತಿ ಹೇಳಲು ಸಮಯ ಇಲ್ಲ. ಗಾಂಧಿ ಸಿನಿಮಾ ಮಾಡಿದ ರಿಚರ್ಡ್ ಅಟೆನ್‌ಬರೋ ಅವರೇ 1985ರಲ್ಲಿ ಅದನ್ನು ಸಿನಿಮಾ ಮಾಡಿದ್ದು. ನಾಟಕದಲ್ಲಿ ಕೊನೆಯ ಹತ್ತಿರ ಬರುವ ಒಂದು ಹಾಡು ಕುಣಿತವನ್ನೇ ಪ್ರೀತಿಸಿದವರ ಹಾಡು, ಸಿನಿಮಾದಲ್ಲಿ ಅದನ್ನು ಒಬ್ಬಳ ಹಳೇ ಪ್ರೇಮದ ಹಾಡು ಮಾಡಿದರು. ಯಾರು ಯಾಕೆ ಹಾಡುತ್ತಿದ್ದಾರೆ ಅನ್ನುವುದನ್ನೇ ಬದಲಾಯಿಸಿದರೆ ಏನು ಉಳಿಯುತ್ತದೆ?

ನಮ್ಮಲ್ಲಿಗೆ ಬರೋಣ. ಕನ್ನಡದ ಮೊದಲ ಟಾಕಿ ಸತಿ ಸುಲೋಚನ, 1934. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ಎಲ್ಲ ಕಂಪನಿ ನಾಟಕದವರು. ಕೊಲ್ಲಾಪುರಕ್ಕೆ ಹೋಗಿ ತೆಗೆದರು. ಆಗ ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ, ಕ್ಯಾಮೆರಾ ಮುಂದೆ ನಿಂತವರೇ ಹಾಡಬೇಕು. ಅದರ ಪ್ರತಿ ಇವತ್ತು ಉಳಿದಿಲ್ಲ. ಒಂದೇ ಒಂದು ಹಾಡಾದರೂ ಉಳಿದಿದ್ದರೆ ನಾನು ಎಷ್ಟು ದೂರ ಬೇಕಾದರೂ ಹೋಗಿ ಕೇಳಿ ಬರುತ್ತಿದ್ದೆ.

ಆಮೇಲೆ ಹಿನ್ನೆಲೆ ಗಾಯನ ಬಂತು. ಬಂದ ಮೇಲೂ ಕೆಲವರು ರಂಗದ ಉಸಿರನ್ನು ಬಿಡಲಿಲ್ಲ. 1977ರ ಬಭ್ರುವಾಹನ ನೆನಪು ಮಾಡಿಕೊಳ್ಳಿ. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ. ಅಪ್ಪ ಮಗ ಎರಡೂ ಅಣ್ಣಾವ್ರೇ, ಅವರು ಗುಬ್ಬಿ ಕಂಪನಿಯಲ್ಲಿ ಬೆಳೆದವರು. ಯುದ್ಧಕ್ಕೆ ಮೊದಲಿನ ಆ ಹಾಡಿನಲ್ಲಿ ಒಬ್ಬರ ಮೂದಲಿಕೆಗೆ ಇನ್ನೊಬ್ಬರು ತಿರುಗೇಟು ಕೊಡುವುದು ಕೇಳಿ. ಮಾತು ಮುಂದೆ, ತಾಳ ಹಿಂದೆ. ಇವತ್ತಿಗೂ ನಮ್ಮ ಹಳ್ಳಿ ಹುಡುಗರು ಸ್ಟೇಜಿನ ಮೇಲೆ ಅದನ್ನೇ ಹಾಡಿ ಒನ್ಸ್ ಮೋರ್ ತಗೊಳ್ಳುತ್ತಾರೆ. ರಂಗದಿಂದ ಸಿನಿಮಾಕ್ಕೆ ಹೋದದ್ದು ಬಡ್ಡಿ ಸಮೇತ ರಂಗಕ್ಕೆ ವಾಪಸ್ ಬಂದಿದೆ.

ನನ್ನ ಹತ್ತಿರ ಕಲಿಯಲು ಬರುವ ಹುಡುಗರು ಮೊಬೈಲಿನಲ್ಲಿ ಟ್ರ್ಯಾಕ್ ಹಾಕಿಕೊಂಡು ಹಾಡುತ್ತಾರೆ. ದಯವಿಟ್ಟು ಅದನ್ನು ಆರಿಸಪ್ಪಾ ಅಂತೀನಿ. ತಪ್ಪಿದರೂ ಪರವಾಗಿಲ್ಲ, ನೀನು ಹಾಡು, ನಾನು ಬರ್ತೀನಿ ಹಿಂದೆ ಅಂತೀನಿ. ಮೊದಲೆರಡು ದಿನ ಹೆದರುತ್ತಾರೆ. ಮೂರನೇ ದಿನ ಒಂದು ಕಡೆ ತಾವಾಗೇ ನಿಲ್ಲುತ್ತಾರೆ, ನಿಂತು ನನ್ನ ಮುಖ ನೋಡುತ್ತಾರೆ, ನಾನು ಸ್ವರ ಹಿಡಿದು ಕಾಯುತ್ತೇನೆ.

ಈ ಸಲ ನಿಮ್ಮೂರಿನಲ್ಲಿ ನಾಟಕ ಇದ್ದರೆ ಹಾರ್ಮೋನಿಯಂ ಮೇಷ್ಟ್ರು ಕಾಣುವ ಕಡೆ ಕೂತುಕೊಳ್ಳಿ. ಅವರ ಕೈ ನೋಡಬೇಡಿ, ಕಣ್ಣು ನೋಡಿ. ಕೀಲಿಗಳ ಕಡೆ ಒಂದು ಸಲವೂ ಇರುವುದಿಲ್ಲ.

ನನಗೆ ಕೊಟ್ಟ ಸಮಯ ಮುಗಿಯಿತು. ನಮಸ್ಕಾರ.