ಎಸ್‌ಎಂಪಿಎಸ್ ಸುಟ್ಟ ಮೇಲೆ

ಕೇಳುಗರಿಗೆ ನಮಸ್ಕಾರ.

ಕಳೆದ ವರ್ಷ, ಮುಂಗಾರಿಗೆ ಮೊದಲಿನ ಒಂದು ಸಂಜೆ. ಗುಡುಗು ಜೋರಾಗಿತ್ತು. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಮತ್ತೆ ಬಂದಾಗ ನನ್ನ ಕಂಪ್ಯೂಟರಿನ ಹಿಂದೆ 'ಟಪ್' ಅಂತ ಸದ್ದು, ಸುಟ್ಟ ವಾಸನೆ. ಎಸ್‌ಎಂಪಿಎಸ್ ಹೋಗಿತ್ತು. ಗೋಡೆಯಿಂದ ಬರುವ 230 ವೋಲ್ಟನ್ನು ಇಳಿಸಿ ಒಳಗಿನ ಭಾಗಗಳಿಗೆ ಹಂಚುವ ತಗಡಿನ ಡಬ್ಬಿ ಅದು.

ಡಬ್ಬಿ ಹೋದರೆ ಹೋಗಲಿ, ಹೊಸದು ಸಿಗುತ್ತದೆ. ಹೋಗುವಾಗ ಜೊತೆಗೆ ಯಾರನ್ನು ಕರೆದುಕೊಂಡು ಹೋಯಿತು ಅನ್ನುವುದೇ ಚಿಂತೆ. ಹತ್ತು ವರ್ಷದ ಫೋಟೊಗಳು ಹಾರ್ಡ್ ಡಿಸ್ಕಿನಲ್ಲಿದ್ದವು. ಬ್ಯಾಕಪ್ ಇರಲಿಲ್ಲ. ಆ ಮಾತು ಬಿಡಿ, ಮನೆಯಲ್ಲಿ ಸಾಕಷ್ಟು ಕೇಳಿದ್ದೇನೆ.

ಆತುರದಲ್ಲಿ ಡಿಸ್ಕನ್ನು ಬಿಚ್ಚಿಕೊಂಡು ಪಕ್ಕದ ಮನೆಗೆ ಓಡಿದೆ. ಅವರ ಕಂಪ್ಯೂಟರಿಗೆ ಸಿಕ್ಕಿಸಿ ಬಟನ್ ಒತ್ತಿದೆ. ಫ್ಯಾನ್ ಒಮ್ಮೆ ಅಲುಗಿ ನಿಂತಿತು. ಮತ್ತೆ ಒತ್ತಿದರೂ ಅಷ್ಟೇ. ಅವರದ್ದನ್ನೂ ಸುಟ್ಟೆನಲ್ಲಾ ಅಂತ ಕೈಕಾಲು ತಣ್ಣಗಾಯಿತು. ಅವರು ಪಾಪ, ನನಗೆ ಕಾಫಿ ತರಲು ಒಳಗೆ ಹೋಗಿದ್ದರು. ಸ್ವಿಚ್ ಆರಿಸಿ, ಡಿಸ್ಕ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಒತ್ತಿದೆ. ಕಂಪ್ಯೂಟರ್ ಏನೂ ಆಗಿಲ್ಲದ ಹಾಗೆ ಎದ್ದಿತು.

ನಾನು ತಪ್ಪಿದ್ದು ವರಸೆಯಲ್ಲಿ. ಯಾವುದು ಹೋದರೆ ಮತ್ತೆ ಸಿಗುವುದಿಲ್ಲವೋ ಅದನ್ನೇ ಮೊದಲು ಪರೀಕ್ಷೆಗೆ ಹಾಕಿದ್ದೆ.

ಶುರು ಮಾಡಬೇಕಾದದ್ದು ಎಸ್‌ಎಂಪಿಎಸ್‌ನಿಂದ. ಟಪ್ ಅಂದದ್ದನ್ನು ಪರೀಕ್ಷೆ ಮಾಡಲೇಬೇಡಿ. ಬಿಚ್ಚಲೂ ಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಜೋರಾಗಿ ಹೊಡೆಯುವಷ್ಟು ಕರೆಂಟು ಉಳಿದಿರಬಹುದು. ಬೇರೆಯದನ್ನು ತಂದರೆ, ಯಾವ ಭಾಗಕ್ಕೂ ಸಿಕ್ಕಿಸದೆ, 24 ಪಿನ್ನಿನ ದೊಡ್ಡ ಕನೆಕ್ಟರ್‌ನಲ್ಲಿ ಹಸಿರು ತಂತಿಯನ್ನು ಪಕ್ಕದ ಕಪ್ಪು ತಂತಿಗೆ ಸೇರಿಸಿದರೆ ಅದು ಶುರುವಾಗುತ್ತದೆ. ಎಲ್ಲ ತಂತಿಯೂ ಕಪ್ಪಾಗಿದ್ದರೆ ಊಹೆ ಬೇಡ, ಅಂಗಡಿಗೆ ಕೊಡಿ. ಫ್ಯಾನ್ ತಿರುಗಿತು, ಸರಿ ಇದೆ ಅನ್ನುವವರೇ ಜಾಸ್ತಿ. ಫ್ಯಾನ್ ಹೇಳುವುದು ತನ್ನ ಸುದ್ದಿ ಮಾತ್ರ. ಮಲ್ಟಿಮೀಟರ್ ಹಿಡಿಯಿರಿ. ಹಳದಿ ತಂತಿಯಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ ಸುಮಾರು 3.3 ಇರಬೇಕು.

ಆಮೇಲೆ ಮದರ್‌ಬೋರ್ಡ್. ಎಲ್ಲ ಭಾಗಗಳೂ ಕೂರುವ ದೊಡ್ಡ ಹಲಗೆ ಅದು. ಅದನ್ನು ಹೊರಗೆ ತೆಗೆದು ರಟ್ಟಿನ ಮೇಲಿಡಿ. ಪ್ರೊಸೆಸರ್, ಅದರ ಫ್ಯಾನ್, ಒಂದು ಪುಟ್ಟ ಸ್ಪೀಕರ್, ಅಷ್ಟೇ. ರ‍್ಯಾಮ್ ಕೂಡ, ಅಂದರೆ ಕೆಲಸದ ಹೊತ್ತಿನ ನೆನಪಿನ ಕಡ್ಡಿ ಕೂಡ, ಬೇಡ. ಈಗ ಆನ್ ಮಾಡಿದಾಗ ಬೀಪ್ ಬೀಪ್ ಅಂತ ಗೊಣಗಿದರೆ ಖುಷಿಪಡಿ. ರ‍್ಯಾಮ್ ಇಲ್ಲ ಅಂತ ದೂರು ಹೇಳಲು ಬೋರ್ಡು, ಪ್ರೊಸೆಸರ್ ಎರಡೂ ಬದುಕಿರಬೇಕು ಅಲ್ವಾ?

ನನ್ನದು ಗೊಣಗಲಿಲ್ಲ. ಟಾರ್ಚ್ ಹಾಕಿ ನೋಡಿದರೆ ಪ್ರೊಸೆಸರ್ ಪಕ್ಕದ ಒಂದು ಚಿಪ್ ಸೀದಿತ್ತು. ಅಲ್ಲಿ 12 ವೋಲ್ಟ್ ಒಂದು ವೋಲ್ಟಿನ ಆಸುಪಾಸಿಗೆ ಇಳಿದು ಪ್ರೊಸೆಸರ್‌ಗೆ ಹೋಗುತ್ತದೆ. ಪೆಟ್ಟು ಅಲ್ಲಿಗೇ ಬಿದ್ದಿತ್ತು. ಅದೇ ಪ್ರೊಸೆಸರ್ ಬೇರೆ ಬೋರ್ಡಿನಲ್ಲಿ ಓಡಿತು.

ರ‍್ಯಾಮ್ ಮಾತ್ರ ಮೋಸಗಾರ. ಎರಡು ಕಡ್ಡಿಗಳೂ ಆನ್ ಆದವು, ವಿಂಡೋಸ್ ಬಂತು. ರಾತ್ರಿಯಿಡೀ ಒಂದೊಂದಕ್ಕೆ ಮೆಮ್‌ಟೆಸ್ಟ್ ಅನ್ನುವ, ನೆನಪಿನ ತಪ್ಪು ಹುಡುಕುವ ಪ್ರೋಗ್ರಾಮ್ ಓಡಿಸಿದಾಗ ಎರಡನೆಯದರಲ್ಲಿ ಕೆಂಪು ಸಾಲುಗಳು ಬಂದವು. ಅದರಲ್ಲೇ ಕೆಲಸ ಮಾಡಿದ್ದರೆ ಫೈಲುಗಳು ಸದ್ದಿಲ್ಲದೆ ಕೆಡುತ್ತಿದ್ದವು.

ಇನ್ನು ಡಿಸ್ಕು. ಎಷ್ಟೋ ಡಿಸ್ಕುಗಳ ಹಸಿರು ಹಲಗೆಯಲ್ಲಿ, ಕರೆಂಟಿನ ಕನೆಕ್ಟರ್ ಹತ್ತಿರ, ಎರಡು ಪುಟ್ಟ ಡಯೋಡ್ ಇರುತ್ತವೆ. ವೋಲ್ಟೇಜ್ ಜಾಸ್ತಿ ಬಂದರೆ ಅವು ತಾವೇ ಶಾರ್ಟ್ ಆಗಿ ಉಳಿದದ್ದನ್ನು ಕಾಪಾಡುತ್ತವೆ. ಪಕ್ಕದ ಮನೆಯ ಎಸ್‌ಎಂಪಿಎಸ್ ಆ ಶಾರ್ಟ್ ಕಂಡು ತಾನೇ ನಿಂತುಬಿಟ್ಟಿತ್ತು. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಹಲಗೆ ತಂದು ಹಾಕಿ ಅಂತ ಕೆಲವರು ಹೇಳಿದರು. ಈಗಿನ ಡಿಸ್ಕುಗಳಲ್ಲಿ ಅದು ನಡೆಯುವುದು ಕಷ್ಟ, ಆಯಾ ಡಿಸ್ಕಿನದೇ ಲೆಕ್ಕಾಚಾರ ಆ ಹಲಗೆಯ ಚಿಪ್ಪಿನಲ್ಲಿರುತ್ತದೆ. ರಿಪೇರಿಯವರು ಮೀಟರ್ ಹಿಡಿದು, ಸುಟ್ಟ ಡಯೋಡ್ ಒಂದನ್ನು ಮಾತ್ರ ತೆಗೆದರು. ಈಗ ಇದಕ್ಕೆ ಕಾವಲಿಲ್ಲ, ಬೇಗ ಎಲ್ಲ ಕಾಪಿ ಮಾಡಿಕೊಳ್ಳಿ ಅಂದರು.

ಡಿಸ್ಕು ಗುರ್ ಅಂತ ತಿರುಗಿತು. ಫೋಟೊಗಳೆಲ್ಲ ಇದ್ದವು. ಪಕ್ಕದ ಮನೆಯವರಿಗೆ ಅವತ್ತಿನ ಕಥೆ ನಾನಿನ್ನೂ ಹೇಳಿಲ್ಲ. ಅವರು ರೇಡಿಯೊ ಕೇಳುವುದಿಲ್ಲ ಅಂದುಕೊಂಡಿದ್ದೇನೆ.

ನಮಸ್ಕಾರ.