ಸಭೆ ಹನ್ನೊಂದಕ್ಕೇ ಯಾಕ್ರಿ?

ಎಲ್ಲರಿಗೂ ಶರಣ್ರಿ. ಇವತ್ತು ಗ್ರಾಮಸಭೆ ಬಗ್ಗೆ ನಾಲ್ಕು ಮಾತು. ಗ್ರಾಮಸಭೆ ಅಂದ ಕೂಡಲೇ ರೇಡಿಯೋ ಬಂದ್ ಮಾಡಬೇಡಿ, ಸ್ವಲ್ಪ ಕೇಳಿ.

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ಊರಿಗೊಂದೇ ಭಾಷೆ ಅನ್ನೋದು ಅಪರೂಪ. ಔರಾದ್, ಭಾಲ್ಕಿ ಕಡೆ ಮರಾಠಿ, ಗುರುಮಠಕಲ್, ಸೇಡಂ ಕಡೆ ತೆಲುಗು, ಊರೊಳಗೆ ಉರ್ದು, ತಾಂಡಾದಲ್ಲಿ ಲಂಬಾಣಿ. ಸಂತೆಯಲ್ಲಿ ಇದ್ಯಾವುದೂ ಅಡ್ಡ ಬರೋದಿಲ್ಲ. ಯಾರ ವ್ಯಾಪಾರವೂ ನಿಲ್ಲೋದಿಲ್ಲ, ಅಲ್ವಾ? ಸಭೆಯಲ್ಲಿ ಮಾತ್ರ ಅಡ್ಡ ಬರುತ್ತದೆ.

ಒಂದು ಊರಿನ ಗ್ರಾಮಸಭೆ ನೋಡಿದ್ದೇನೆ, ಊರಿನ ಹೆಸರು ಬೇಡ. ತೊಗರಿ ರಾಶಿಯ ದಿನ. ಸಭೆ ಇಟ್ಟಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಊರಲ್ಲಿ ಇರೋರು ಯಾರು? ಮುದುಕರು, ಗುತ್ತಿಗೆದಾರರು, ಮೆಂಬರ್ ಹಿಂದೆ ಓಡಾಡೋ ಹುಡುಗರು. ಹೊಲಕ್ಕೆ ಹೋದವರು ಹೊಲದಲ್ಲಿ, ಗುಳೆ ಹೋದವರು ಪುಣೆ, ಮುಂಬೈ, ಹೈದರಾಬಾದಿನಲ್ಲಿ. ತಾಂಡಾದಿಂದ ಐದಾರು ಹೆಣ್ಣುಮಕ್ಕಳು ಕೂಲಿ ಬಿಟ್ಟು ಬಂದಿದ್ದರು. ಅವರಲ್ಲೊಬ್ಬರು ಎದ್ದು ಲಂಬಾಣಿಯಲ್ಲಿ ಶುರು ಮಾಡಿದರು. ವೇದಿಕೆ ಮೇಲಿಂದ "ಕನ್ನಡದಾಗ ಹೇಳ್ರಿ ಅವ್ವ" ಅಂತ ಬಂತು. ಅಂದವರದ್ದು ಕೆಟ್ಟ ಮನಸ್ಸೇನಲ್ಲ, ಪಾಪ. ಆದರೆ ಆಕೆ ಕೂತುಬಿಟ್ಟರು. ಆಮೇಲೆ ಪಿಯುಸಿ ಓದೋ ಹುಡುಗಿಯೊಬ್ಬಳು ಎದ್ದು ಕನ್ನಡದಲ್ಲಿ ಹೇಳಿದ್ದು ಇಷ್ಟು: ನೀರಿನ ಟಾಕಿ ತುಂಬುತ್ತದೆ, ತೊಂದರೆ ಟಾಕಿಯದ್ದಲ್ಲ. ತಾಂಡಾದ ವಾಲ್ವ್ ತಿರುಗಿಸೋದು ಹತ್ತೂವರೆಗೆ, ಎಲ್ಲರೂ ಹೊಲಕ್ಕೆ ಹೋದ ಮೇಲೆ. ಬೆಳಿಗ್ಗೆ ಆರಕ್ಕೆ ಬಿಟ್ಟರೆ ಸಾಕು.

ಒಂದು ರೂಪಾಯಿ ಖರ್ಚಿಲ್ಲದ ಕೆಲಸ ನೋಡಿ. ಸಭೆಯಲ್ಲಿ ಆದ ಮಾತು ಬರೆದಿಡೋ ನಡಾವಳಿ ಪುಸ್ತಕದಲ್ಲಿ ಬಿದ್ದದ್ದು ಏನು? "ಕುಡಿಯುವ ನೀರಿನ ಸಮಸ್ಯೆ ಕುರಿತು ಚರ್ಚಿಸಲಾಯಿತು." ಆರು ಗಂಟೆಯೂ ಇಲ್ಲ, ವಾಲ್ವೂ ಇಲ್ಲ. ನಾಳೆ ಇದೇ ಸಾಲು ಹಿಡಿದು ಯಾರಾದರೂ ಹೊಸ ಟಾಕಿಗೆ ಎಸ್ಟಿಮೇಟ್ ಮಾಡಿದರೂ ಆಶ್ಚರ್ಯ ಇಲ್ಲ.

ಕಾಗದದ ಮೇಲೆ ನಮಗೆ ಕೊಟ್ಟಿರೋದು ಕಡಿಮೆಯೇನಲ್ಲ. ಪಂಚಾಯಿತಿಗಳಿಗಾಗಿ ಸಂವಿಧಾನಕ್ಕೆ ಮಾಡಿದ 73ನೇ ತಿದ್ದುಪಡಿ ಜಾರಿಯಾಗಿದ್ದು 1993ರ ಏಪ್ರಿಲ್ 24ಕ್ಕೆ. ಅದರಿಂದ ಗ್ರಾಮಸಭೆಗೆ ಸಂವಿಧಾನದಲ್ಲೇ ಜಾಗ ಸಿಕ್ಕಿತು. ಪಂಚಾಯಿತಿ ಮೆಂಬರ್ ಆಗೋಕೆ ಚುನಾವಣೆ ಗೆಲ್ಲಬೇಕು, ಗ್ರಾಮಸಭೆಗೆ ಅದೇನೂ ಬೇಡ. ವೋಟರ್ ಲಿಸ್ಟಿನಲ್ಲಿ ಹೆಸರಿದ್ದರೆ ನೀವು ಸದಸ್ಯರೇ. ನಮ್ಮ ರಾಜ್ಯದಲ್ಲಿ ಪಂಚಾಯಿತಿ ಸೀಟುಗಳಲ್ಲಿ ಅರ್ಧ ಹೆಂಗಸರಿಗೆ ಮೀಸಲು. ಮನೆ ಯಾರಿಗೆ ಸಿಗಬೇಕು, ಯಾವ ಕೆಲಸ ಮೊದಲು ಆಗಬೇಕು ಅನ್ನೋದು ವಾರ್ಡ್ ಸಭೆಯಲ್ಲಿ ಶುರುವಾಗಿ ಗ್ರಾಮಸಭೆಗೆ ಬರಬೇಕು. ಬಹಳ ಕಡೆ ವಾರ್ಡ್ ಸಭೆ ಬರೀ ಪುಸ್ತಕದಲ್ಲಿ ನಡೆಯುತ್ತದೆ, ಸಹಿ ಮನೆ ಮನೆಗೆ ಬಂದು ತಗೊಂಡು ಹೋಗುತ್ತಾರೆ. ನಾವೂ ಸುಮ್ನೆ ಹಾಕಿ ಕೊಡುತ್ತೇವೆ.

371ಜೆ, ಅಂದರೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡೋ ಸಂವಿಧಾನದ ವಿಧಿ, ನಮ್ಮ ಭಾಗದಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಮಗನ ಸೀಟಿಗೆ, ನೌಕರಿಗೆ ಸರ್ಟಿಫಿಕೇಟ್ ಬೇಕು ಅಂತ ತಹಸೀಲ್ದಾರ್ ಕಚೇರಿ ಮುಂದೆ ಬಿಸಿಲಲ್ಲಿ ನಿಲ್ಲುತ್ತೇವೆ. ತಪ್ಪಲ್ಲ, ಅದು ಬೇಕೇ ಬೇಕು. ಆದರೆ ಅಭಿವೃದ್ಧಿಯ ದುಡ್ಡು ಬಂದಾಗ ಯಾವ ಓಣಿಗೆ ಅಂತ ಹೇಳೋಕೆ ನಾವೇ ಇರೋದಿಲ್ಲ. ವರ್ಷಕ್ಕೊಮ್ಮೆ ಬಸವಕಲ್ಯಾಣದ ಅನುಭವ ಮಂಟಪ ನೆನೆದು ಭಾಷಣ ಮಾಡೋರಿಗೆ ಕೊರತೆಯಿಲ್ಲ. ಆ ಮೈಕನ್ನ ತಾಂಡಾದ ಹೆಣ್ಣುಮಗಳ ಕೈಗೆ ಐದು ನಿಮಿಷ ಕೊಟ್ಟರೆ ನನಗೆ ಹೆಚ್ಚು ಖುಷಿ.

ತಾಂಡಾದವರ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ಬಂದು ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ತಲೆಮಾರುಗಳಿಂದ ಇದ್ದ ತಾಂಡಾಗಳು ಕಂದಾಯ ಗ್ರಾಮ ಆದವು, ಅಂದರೆ ಸರ್ಕಾರದ ದಾಖಲೆಯಲ್ಲಿ ಊರು ಅನಿಸಿಕೊಂಡವು. ಇದು ದೊಡ್ಡ ವಿಷಯವೇ. ಆದರೆ ಪತ್ರ ಕೈಗೆ ಬಂದ ಮೇಲೆ ಚರಂಡಿ, ರಸ್ತೆ, ನಳ ಕೇಳೋಕೆ ಮತ್ತೆ ಅದೇ ಹನ್ನೊಂದು ಗಂಟೆಯ ಸಭೆಗೇ ಬರಬೇಕು.

ಹಾಗಾದರೆ ಏನು ಮಾಡೋಣ? ಡಂಗುರ ಹೊಡೆಯುವಾಗಲೇ ಟೈಮ್ ಕೇಳಿ. ಹನ್ನೊಂದು ಅಂದರೆ, ಸಂಜೆಗೆ ಇಡ್ರಿ ಅಂತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರಿಗೆ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಲಂಬಾಣಿ, ಉರ್ದು, ತೆಲುಗು ಯಾವುದರಲ್ಲೇ ಮಾತಾಡಿದರೂ ಕನ್ನಡಕ್ಕೆ ತಿರುಗಿಸೋಕೆ ಊರಿನ ಒಂದು ಮಗುವನ್ನ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಸಭೆ ಮುಗಿಯುವಾಗ ನಡಾವಳಿಯನ್ನ ಜೋರಾಗಿ ಓದಿಸಿ, ನೀವು ಹೇಳಿದ್ದು ಹೇಳಿದ ಹಾಗೆ ಬಿದ್ದಿದ್ದರೆ ಮಾತ್ರ ಸಹಿ ಹಾಕಿ. ಆಮೇಲೆ ಪ್ರತಿ ಬೇಕೆಂದರೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಸಭೆಯನ್ನೇ ಕರೆಯದೆ ಮುಂದೂಡುತ್ತಿದ್ದಾರಾ? ಗ್ರಾಮಸಭೆಯ ಸದಸ್ಯರಲ್ಲಿ ನೂರಕ್ಕೆ ಹತ್ತು ಜನ ವಿಷಯ ಬರೆದು ಕೇಳಿದರೆ ವಿಶೇಷ ಗ್ರಾಮಸಭೆ ಕರೆಯಬೇಕು ಅಂತ ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಸಹಿ ಕೂಡಿಸೋಕೆ ಜಾತ್ರೆಯ ವಾರ ಒಳ್ಳೆಯದು, ಗುಳೆ ಹೋದವರೂ ಊರಿಗೆ ಬಂದಿರುತ್ತಾರೆ.